ಎಂಜಿನ್ನಿನ ಕಳೆ

ನಮ್ಮ ಮನೆತನದವರು ತಲೆತಲಾಂತರದಿಂದ ಮಂತ್ರ ಹೇಳಿ ಬದುಕಿದವರು. ನಮ್ಮಪ್ಪ ಮಾತ್ರ ಮೋಟಾರು ಹೊಡೆದು ಬದುಕಿದ. ಬೈಲಹೊಂಗಲದ ಜನ ಇದನ್ನು ಅವನಿಗೆ ಮರೆಯಲು ಬಿಡಲಿಲ್ಲ. ಬಾಡಿಗೆಗೆ ಕರೆಯಲು ಬಂದವರು ನಮ್ಮ ಕಟ್ಟೆಯ ಮೇಲೆ ಆರಾಮಾಗಿ ಕುಳಿತು, "ಭಟ್ರ, ನೀವು ಮಂತ್ರಾ ಹೇಳಾಕ ಬರ್ತೀರೋ, ಗಾಡಿ ಹೊಡ್ಯಾಕ ಬರ್ತೀರೋ?" ಎಂದು ನಗುತ್ತಿದ್ದರು. ಅಪ್ಪನೂ ನಗುತ್ತಲೇ, "ಗಾಡಿ ಏರಿನಾಗ ನಿಂತ್ರ ಎರಡೂ ಮಾಡ್ತೇನ್ರಿ" ಎನ್ನುತ್ತಿದ್ದ. ಆದರೆ ಅದು ಏರಿನಲ್ಲಿ ನಿಂತದ್ದನ್ನು ನಾನು ಕಂಡಿಲ್ಲ.

ಅದು ಸ್ವಾತಂತ್ರ್ಯ ಬರುವ ಮೊದಲಿನ ಅಮೆರಿಕದ ಕಾರು. ರಾಮದುರ್ಗದ ವಕೀಲರೊಬ್ಬರು ಹೊಸದಾಗಿ ತರಿಸಿ, ತಮ್ಮ ಮುಪ್ಪಿನಲ್ಲಿ ಅಪ್ಪನಿಗೆ ಕೊಟ್ಟದ್ದು. ಉದ್ದ ಮೂಗು, ಎಮ್ಮೆಯ ಬೆನ್ನಿನಂಥ ಕಪ್ಪು ಮೈ, ಎರಡೂ ಬದಿಗೆ ಕಾಲಿಟ್ಟು ಹತ್ತುವ ಹಲಗೆ. ಕಿತ್ತೂರು, ಸಂಗೊಳ್ಳಿ ಕಡೆಯ ಮದುವೆಗಳಿಗೆ ಅದೇ ಗಾಡಿ ಬೇಕು. ಹುಣ್ಣಿಮೆ ಬಂತೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೂ ಅದೇ ಬೇಕು. ಅವರು "ಉಧೋ ಉಧೋ" ಎಂದು ಕೂಗಿ ಎರಚಿದ ಭಂಡಾರ ಸೀಟಿನ ಹೊಲಿಗೆಯಲ್ಲಿ ಸೇರಿಕೊಂಡು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಆ ಗಾಡಿಯಲ್ಲಿ ಕುಳಿತು ಎದ್ದವರ ಬೆನ್ನೆಲ್ಲ ಹಳದಿ.

ಅದಕ್ಕೆ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು ಇತ್ತು. ಅದರ ದನಿಯನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಗದ್ದಲವಲ್ಲ; ಕೆಲಸ ಮಾಡುತ್ತ ಬಾಯಿ ಮುಚ್ಚಿ ಗುನುಗುವವರ ದನಿ ಅದು. ಬಾನೆಟ್ಟಿನ ಮೇಲೆ ನೀರಿನ ಲೋಟ ಇಟ್ಟು ಎಂಜಿನ್ನು ಚಾಲೂ ಮಾಡಿ, ನೀರು ತುಳುಕದ್ದನ್ನು ತೋರಿಸುವುದು ಅಪ್ಪನ ದೊಡ್ಡ ಹೆಮ್ಮೆ. ಬಂದ ಬೀಗರಿಗೆಲ್ಲ ಇದನ್ನು ತೋರಿಸಿ ಅವ್ವನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ. ಆಗಿನ್ನೂ ಮೋಟಾರುಗಳೇ ಕಡಿಮೆ. ಸುತ್ತಲಿನ ನಾಲ್ಕು ತಾಲೂಕು ಹುಡುಕಿದರೂ ಅಂಥ ದನಿಯ ಇನ್ನೊಂದು ಗಾಡಿ ಇರಲಿಲ್ಲ.

ಆ ದನಿಯನ್ನು ನಮಗಿಂತ ಚೆನ್ನಾಗಿ ಬಲ್ಲವಳು ನಮ್ಮತ್ತೆ, ಅಪ್ಪನ ಅಕ್ಕ. ತಾಯಿ ಸತ್ತ ಮೇಲೆ ಅಪ್ಪನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಗುಡ್ಡದ ಮಗ್ಗುಲಿನ ಉಗರಗೋಳದಲ್ಲಿ ಅವಳ ಗಂಡನ ಮನೆ. ಗಂಡ ಬೇಗ ತೀರಿಕೊಂಡಿದ್ದ. ಮೈದುನನ ತುಂಬಿದ ಸಂಸಾರದ ನಡುವೆ, ಮುಂದಿನ ಕೋಣೆಯಲ್ಲಿ ಮಡಿಯ ಸಲುವಾಗಿ ತನ್ನದೇ ಬೇರೆ ಒಲೆ ಇಟ್ಟುಕೊಂಡಿದ್ದಳು. ನಾನು ಕಾಲೇಜು ಸೇರುವ ಹೊತ್ತಿಗೆ ಅವಳ ಎರಡೂ ಕಣ್ಣು ಹೋಗಿದ್ದವು. ಧಾರವಾಡದ ಡಾಕ್ಟರರು ಒಂದನ್ನು ಕೊಯ್ದು ನೋಡಿದರು. ಇನ್ನೊಂದನ್ನು ಮುಟ್ಟಲು ಅವಳೇ ಬಿಡಲಿಲ್ಲ. "ಕಂಡದ್ದು ಸಾಕಾಗ್ಯದ" ಎಂದುಬಿಟ್ಟಳು.

ಗುಡ್ಡಕ್ಕೆ ಬಾಡಿಗೆ ಬಂದಾಗಲೆಲ್ಲ ಅಪ್ಪ ಉಗರಗೋಳಕ್ಕೆ ಗಾಡಿ ತಿರುಗಿಸುತ್ತಿದ್ದ. ಊರ ಕೆಳಗೊಂದು ತಿರುವು, ಆಮೇಲೆ ಏರು, ಏರು ಮುಗಿದಲ್ಲಿ ಬೇವಿನ ಗಿಡ, ಅದರೆದುರು ಅತ್ತೆಯ ಬಾಗಿಲು. ಗಾಡಿ ತಿರುವಿಗೆ ಬಂದದ್ದು ಕೇಳಿದ ಕೂಡಲೇ ಅತ್ತೆ ಒಲೆಯ ಮೇಲೆ ಚಹದ ನೀರು ಇಡುತ್ತಿದ್ದಳು. ಅಪ್ಪ ಏರು ಹತ್ತಿ, ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ, ಕಾಲು ತೊಳೆದು ಒಳಗೆ ಬರುವ ಹೊತ್ತಿಗೆ ಲೋಟ ಹೊಸ್ತಿಲ ಮೇಲಿರುತ್ತಿತ್ತು. ಒಂದು ಸಲವೂ ಅದು ಆರಿದ್ದಿಲ್ಲ, ಕುದ್ದು ಕಹಿಯಾದದ್ದಿಲ್ಲ. ಕುರುಡಿ, ಒಬ್ಬಳೇ ಮಾಡಿ, ಒಂದು ಹನಿ ಚೆಲ್ಲದೆ ಕೊಡುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವನು ಕುಡಿದು "ಬರ್ತೇನಿ ಅಕ್ಕಾ" ಎನ್ನುವನು, ಅವಳು "ಹುಷಾರ ಹೋಗು" ಎನ್ನುವಳು. ಅವರಿಬ್ಬರ ಪ್ರೀತಿಯೆಲ್ಲ ಆ ಚಹದ ಹದದಲ್ಲೇ ಇತ್ತು.

ಆಮೇಲೆ ಪೆಟ್ರೋಲ್ ತುಟ್ಟಿಯಾಯಿತು. ಎಲ್ಲೋ ಅರಬರು ಜಗಳ ಆಡಿದರೆ ಬೈಲಹೊಂಗಲದ ನಮ್ಮ ಒಲೆಗೆ ಯಾಕೆ ಬಿಸಿ ಎಂದು ಅವ್ವ ಕೇಳುತ್ತಿದ್ದಳು. ಎಂಟು ಸಿಲಿಂಡರಿನ ಹೊಟ್ಟೆ ತುಂಬಿಸುವುದು ಆಗದ ಮಾತಾಯಿತು. ಅಪ್ಪನ ಜೊತೆ ಸರದಿಯಲ್ಲಿ ಗಾಡಿ ಹೊಡೆಯುತ್ತಿದ್ದ ನಮ್ಮಣ್ಣ ಒಂದು ದಿನ ಊಟಕ್ಕೆ ಕುಳಿತಾಗ ಹೇಳಿಯೇಬಿಟ್ಟ.

"ಅಪ್ಪಾ, ಡೀಸೆಲ್ ಎಂಜಿನ್ ಹಾಕಸೂಣು. ಇಲ್ಲಂದ್ರ ಗಾಡಿ ಮಾರೂಣು. ಮೂರನೇದ್ದು ಇಲ್ಲ."

ಅಪ್ಪ ತುತ್ತು ಕೆಳಗಿಟ್ಟ. "ಕೈ ಮುರದ ಮೂರ್ತಿಗೆ ಬ್ಯಾರೆ ಮೂರ್ತಿ ಕೈ ತಂದು ಹಚ್ಚಿದ್ದು ನೋಡೀಯೇನೋ ಎಲ್ಲ್ಯಾರ? ಭಿನ್ನ ಆತಂದ್ರ ಹೊಳಿಗೆ ಬಿಡ್ತಾರ. ಇದ್ದಾಂಗ ಇರಬೇಕು, ಇಲ್ಲಾ ಇರಬಾರದು."

"ಮೂರ್ತಿ ಊಟಾ ಬೇಡೂದಿಲ್ಲಪ್ಪಾ. ನಾವು ಬೇಡ್ತೇವಿ."

ನಾನು ಅಪ್ಪನ ಪರ ಮಾತಾಡಲು ಬಾಯಿ ತೆರೆದೆ. ಅವ್ವ ನನ್ನನ್ನು ಕಣ್ಣಿನಲ್ಲೇ ಸುಮ್ಮನಾಗಿಸಿದಳು. ಅಣ್ಣನ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಅವನ ಮೇಲೆ ಅಷ್ಟು ಸಿಟ್ಟು ಬಂತು. ತಪ್ಪಿದ್ದವರ ಜೊತೆ ಜಗಳ ಆಡಬಹುದು, ಸರಿ ಇದ್ದವರ ಜೊತೆ ಏನು ಆಡುವುದು?

ಊರಿನ ಮೋಟಾರು ಮಿಸ್ತ್ರಿ ಅಪ್ಪನ ಹಳೆಯ ಗೆಳೆಯ. ಯಾವುದೋ ಮುರಿದ ಟೆಂಪೋದ ಡೀಸೆಲ್ ಎಂಜಿನ್ನು ಅವನ ಶೆಡ್ಡಿನಲ್ಲಿತ್ತು. "ಎದಿ ಅಷ್ಟ ಬದಲಿ ಮಾಡೂದ್ರಿ ಭಟ್ರ, ಮೈ ಅದ ಇರ್ತೈತಿ. ಫಿಕರ್ ಮಾಡಬ್ಯಾಡ್ರಿ" ಎಂದ. ಅಪ್ಪ ಮೂರನೆಯ ದಿನ ನಸುಕಿನಲ್ಲಿ ಎದ್ದು ಸ್ನಾನ ಮಾಡಿ, ಮಡಿ ಉಟ್ಟು, ಅಟ್ಟದ ಮೇಲಿನಿಂದ ನಮ್ಮಜ್ಜನ ತಾಮ್ರದ ತಂಬಿಗೆ ಇಳಿಸಿದ.

ಹಳೆಯ ಗುಡಿ ಕೆಡವಿ ಹೊಸದು ಕಟ್ಟುವಾಗ ಒಂದು ಕ್ರಮ ಉಂಟು. ಮೂರ್ತಿಯಲ್ಲಿರುವ ಕಳೆಯನ್ನು, ಅಂದರೆ ಅದರೊಳಗಿನ ದೈವವನ್ನು, ಮಂತ್ರ ಹೇಳಿ ಕಲಶದ ನೀರಿಗೆ ಇಳಿಸಿ ಇಡುತ್ತಾರೆ. ಗುಡಿ ಕಟ್ಟಿ ಮುಗಿಯುವ ತನಕ ಮೂರ್ತಿ ಬರೀ ಕಲ್ಲು. ಆಮೇಲೆ ಅದೇ ನೀರನ್ನು ಸುರಿದು ಕಳೆಯನ್ನು ಮತ್ತೆ ತುಂಬುತ್ತಾರೆ. ನಮ್ಮಜ್ಜ ಈ ಕೆಲಸಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರಾದವನು. ಅವನ ಮಗ ಮಿಸ್ತ್ರಿಯ ಶೆಡ್ಡಿನಲ್ಲಿ, ಎಣ್ಣೆ ಕುಡಿದ ನೆಲದ ಮೇಲೆ ಮಣೆ ಹಾಕಿ ಕುಳಿತು, ಬಾನೆಟ್ಟು ತೆಗೆದ ಎಂಜಿನ್ನಿಗೆ ದರ್ಭೆ ಮುಟ್ಟಿಸಿ ಅದರ ಕಳೆಯನ್ನು ತಂಬಿಗೆಗೆ ಇಳಿಸಿಕೊಂಡ. ಮಿಸ್ತ್ರಿ ಚಪ್ಪಲಿ ಬಿಟ್ಟು, ತಲೆಗೆ ಕರವಸ್ತ್ರ ಕಟ್ಟಿಕೊಂಡು ದೂರ ನಿಂತಿದ್ದ. ಅಣ್ಣ ನಗಲಿಲ್ಲ. ನಾನು ನಗಬೇಕೋ ಅಳಬೇಕೋ ತಿಳಿಯದೆ ಗೋಡೆಗೆ ಆತು ನಿಂತಿದ್ದೆ.

ಹೊಸ ಎಂಜಿನ್ನು ಕೂರಿಸುವ ತನಕ ಆ ತಂಬಿಗೆ ನಮ್ಮ ದೇವರ ಮನೆಯಲ್ಲಿತ್ತು. ಅವ್ವ ದಿನಾ ಅದಕ್ಕೂ ಒಂದು ಹೂವು ಇಡುತ್ತಿದ್ದಳು. ಅತ್ತ ಶೆಡ್ಡಿನಲ್ಲಿ ಗಾಡಿಯ ಒಳಮೈ ಕತ್ತರಿಸಿ, ಬೆಸುಗೆ ಹಾಕಿ, ಭಾರ ತಡೆಯಲೆಂದು ಮುಂದಿನ ಸ್ಪ್ರಿಂಗ್ ಪಾಟುಗಳಿಗೆ ಇನ್ನೆರಡು ಪಟ್ಟಿ ಸೇರಿಸಿದರು. ಹೊಸ ಎಂಜಿನ್ನು ಎತ್ತರವಾಗಿ ಬಾನೆಟ್ಟು ಮುಚ್ಚಲಿಲ್ಲ. ಅದಕ್ಕೊಂದು ತೂತು ಕೊರೆದು ಮೇಲೆ ಡುಬ್ಬದ ಹಾಗೆ ತಗಡಿನ ಗುಬುಟು ಬಡಿದರು. ಎಲ್ಲ ಮುಗಿದ ದಿನ ಅಪ್ಪ ಮತ್ತೆ ಮಡಿಯುಟ್ಟು ಬಂದ. ಡೀಸೆಲ್ ಎಂಜಿನ್ನಿಗೆ ನೀರು ಎಲ್ಲಿ ಸುರಿಯುವುದು? ಸ್ವಲ್ಪ ಹೊತ್ತು ಯೋಚಿಸಿ, ರೇಡಿಯೇಟರಿನ ಮುಚ್ಚಳ ತೆಗೆದು, ಮಂತ್ರ ಹೇಳುತ್ತ ತಂಬಿಗೆಯ ನೀರನ್ನೆಲ್ಲ ಅದರಲ್ಲಿ ಸುರಿದ. ಅಣ್ಣ ಚಾಲೂ ಮಾಡಿದ.

ಧಡಧಡ ಸಪ್ಪಳಕ್ಕೆ ಶೆಡ್ಡಿನ ಪತ್ರಾಸು ತಗಡುಗಳು ನಡುಗಿದವು. ಗಾಡಿಯ ಕಿಟಕಿಯ ಗಾಜು, ಬಾಗಿಲು, ಗಡಿಯಾರ, ಎಲ್ಲವೂ ಬೇರೆ ಬೇರೆ ಅಲುಗಿದವು. ಅಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತ.

"ಕಳೆ ಇಳೀಲಿಲ್ಲ" ಎಂದ.

ಊರಿನ ಜನಕ್ಕೆ ಹಬ್ಬವಾಯಿತು. "ಭಟ್ರ ಗಿರಣಿ ಬಂತು, ಜ್ವಾಳಾ ತರ್ರಿ" ಎಂದು ಓಣಿಯವರು ಕೂಗುತ್ತಿದ್ದರು. ಅಪ್ಪ ನಕ್ಕ. ಆದರೆ ಬಾನೆಟ್ಟಿನ ಮೇಲೆ ಲೋಟ ಇಡುವ ಆಟ ಅಂದಿಗೆ ಮುಗಿಯಿತು.

ಹೊಸ ಎಂಜಿನ್ನಿನ ಮೊದಲ ಹುಣ್ಣಿಮೆಗೆ ನಾನೂ ಅವ್ವನೂ ಗಾಡಿಯಲ್ಲಿದ್ದೆವು. ಹಿಂದೆ ಸಂಗೊಳ್ಳಿಯ ಒಂದು ಮನೆಯವರು ಬುಟ್ಟಿ, ಮಕ್ಕಳ ಸಮೇತ ತುಂಬಿಕೊಂಡಿದ್ದರು. ಅಷ್ಟರಲ್ಲಿ ನವಿಲುತೀರ್ಥದ ಅಣೆಕಟ್ಟಿನ ನೀರು ಆ ಸೀಮೆಯ ಹೊಲಗಳಿಗೆ ಬಂದಿತ್ತು. ಕಾಲುವೆಯ ಬದಿಗೆ, ಬಾವಿಯ ಬದಿಗೆ, ಎಲ್ಲಿ ನೋಡಿದರೂ ಡೀಸೆಲ್ ಪಂಪು. ಒಣ ನೆಲಕ್ಕೆ ನೀರು ಬಂದದ್ದು ಚಲೋದೇ, ನಾನು ಬೇಡ ಎನ್ನಲಾರೆ. ಆದರೆ ಮೊದಲಿನ ನಿಶ್ಶಬ್ದ ಹೋಗಿತ್ತು.

ತಿರುವು ಬಂತು, ಏರು ಬಂತು. ಬೇವಿನ ಗಿಡದ ಕೆಳಗೆ ಅಪ್ಪ ಗಾಡಿ ನಿಲ್ಲಿಸಿದ. ಡೀಸೆಲ್ ಎಂಜಿನ್ನು ಬಂದ್ ಮಾಡಿದರೆ ಮತ್ತೆ ಚಾಲೂ ಆಗಲು ಸತಾಯಿಸುತ್ತಿತ್ತು. ಅದಕ್ಕೆ ಹಾಗೇ ಬಿಟ್ಟು ಇಳಿದ. ಅತ್ತೆ ಕಟ್ಟೆಯ ಮೇಲೆ ಹೂಬತ್ತಿ ಹೊಸೆಯುತ್ತ ಕುಳಿತಿದ್ದಳು. ಮುಖ ದಾರಿಯ ಕಡೆಗಿತ್ತು. ಅಪ್ಪ ಅವಳೆದುರು ಹೋಗಿ ನಿಂತ.

"ಯಾರಪ್ಪಾ ಅದು?" ಎಂದು ಅವಳು ಸಪ್ಪಳದ ಕಡೆಗೆ ಕೈ ಬೀಸಿ ಗದರಿಸಿದಳು. "ಪಂಪ ತಂದು ಬಾಗಲದಾಗ ಹಚ್ಚೀರಲ್ಲ, ಏನ್ ಬುದ್ಧಿ ಅದನೋ ಇಲ್ಲೋ? ಅತ್ತಾಗ ಒಯ್ರಿ. ನನ್ನ ತಮ್ಮನ ಗಾಡಿ ಬರೂ ಹೊತ್ತಾಗೇದ. ನನಗ ಅದರ ದನಿ ಕೇಳಸಬೇಕು."

ಅಪ್ಪ ತಿರುಗಿ ಬಂದು ಎಂಜಿನ್ನು ಬಂದ್ ಮಾಡಿದ. ಅವನ ಮುಖ ನೋಡಬಾರದೆಂದು ನಾನು ಕಿಟಕಿಯ ಆಚೆ ತಿರುಗಿದೆ, ಆದರೂ ನೋಡಿದೆ. ಐವತ್ತು ದಾಟಿದ ಗಂಡಸು, ಅಕ್ಕನಿಗೆ ಗುರುತು ಸಿಗದೆ ಹೋದ ಕೂಸಿನ ಹಾಗೆ ನಿಂತಿದ್ದ.

"ಅಕ್ಕಾ" ಎಂದ.

ಅತ್ತೆ ಬೆಚ್ಚಿಬಿದ್ದಳು. "ಅಯ್ಯ, ನೀ ಯಾವಾಗ ಬಂದಿ? ನಡಕೋತ ಬಂದೀಯೇನು? ಗಾಡಿ ಎಲ್ಲದ?"

"ಇದ ಅಕ್ಕಾ ಗಾಡಿ."

ಅವಳು ಬತ್ತಿಯನ್ನು ಮಡಿಲಿನಿಂದ ಕೊಡವಿ ಎದ್ದು ಬಂದಳು. ಮುಂದಿನ ದೀಪ ತಡವಿದಳು, ಮಡ್‌ಗಾರ್ಡು ತಡವಿದಳು, ಬಾನೆಟ್ಟಿನ ತಗಡಿನ ಗುಬುಟಿಗೆ ಕೈ ತಾಗಿದಾಗ ನಿಂತಳು. "ಮೈ ಅದೇ ಅದ" ಎಂದಳು. "ದನಿ ಯಾಕ ಹಿಂಗಾತೋ? ನೆಗಡಿ ಆಗೇದೇನು?"

ಸಂಗೊಳ್ಳಿಯವರು ಗೊಳ್ಳನೆ ನಕ್ಕರು. ಅಪ್ಪನೂ ನಗಲು ನೋಡಿದ. ಆ ದಿನ ಚಹ ಆಗಿರಲಿಲ್ಲ. ಅತ್ತೆ ಒಲೆ ಹಚ್ಚಲು ಒಳಗೆ ಓಡಿದಳು, ಬಾಡಿಗೆಯವರು ಹೊತ್ತಾಯಿತೆಂದು ಅವಸರ ಮಾಡಿದರು, ಅಪ್ಪ ಕುಡಿಯದೆ ಹೊರಟ. ಹಿಂತಿರುಗಿ ನೋಡಿದಾಗ ಅತ್ತೆ ಖಾಲಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವ್ವ ದಾರಿಯುದ್ದಕ್ಕೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, ಕೇಳಿದರೆ ಹೊಗೆ ಎನ್ನುತ್ತಿದ್ದಳು.

ಆದರೆ ನಮ್ಮತ್ತೆ ಸೋಲುವ ಪೈಕಿಯಲ್ಲ. ಆಮೇಲಿನ ದಿನಗಳಲ್ಲಿ ಬತ್ತಿ ಹೊಸೆಯುತ್ತ ಪಂಪುಗಳನ್ನು ಕೇಳಿ ಕೇಳಿ ಬೇರೆ ಮಾಡುವುದನ್ನು ಕಲಿತಳು. ಪಂಪು ಒಂದೇ ಸಮ ಬಡಿಯುತ್ತದೆ. ತಮ್ಮನ ಗಾಡಿ ಹಾಗಲ್ಲ. ತಿರುವಿನಲ್ಲಿ ಅವನು ಗೇರು ಬದಲಿಸುವಾಗ ಎಂಜಿನ್ನು ಒಂದು ಗಳಿಗೆ ಹಗುರಾಗಿ ಓಡಿ, ಮತ್ತೆ ಭಾರ ಹಿಡಿದು ಏರು ಹತ್ತುತ್ತದೆ. ಆ ಹಗುರ ಮತ್ತು ಆ ಭಾರ, ಎರಡನ್ನೂ ಅವಳು ಹಿಡಿದುಕೊಂಡಳು. "ಬಿಕ್ಕಿದಾಂಗ ಮಾಡ್ತದ ನೋಡು, ಅದ ನಮ್ಮದು" ಎಂದು ನನಗೂ ತೋರಿಸಿಕೊಟ್ಟಳು. ವರ್ಷ ಕಳೆಯುವುದರೊಳಗೆ ಹೊಸ್ತಿಲ ಮೇಲೆ ಮತ್ತೆ ಲೋಟ ಬಂತು, ಅದೇ ಹದದಲ್ಲಿ. ಅಪ್ಪ ಅಂದು ಎಷ್ಟು ಖುಷಿಪಟ್ಟ ಎಂದರೆ ಕುಡಿದು ಇನ್ನೊಂದು ಲೋಟ ಬೇಡಿದ. ಆದರೆ ಮನೆಗೆ ಬಂದು ಅದೇ ಮಾತು: "ಅಕ್ಕ ಕಲ್ತಳು. ಖರೆ, ಕಳೆ ಇಳೀಲಿಲ್ಲ. ಮಂತ್ರದಾಗ ಎಲ್ಲೋ ತಪ್ಪೇನಿ."

ಅಪ್ಪನ ಎದೆ ಕೆಟ್ಟದ್ದು ಅದರ ಮುಂದಿನ ಬೇಸಿಗೆಯಲ್ಲಿ. ಹಾಸಿಗೆ ಹಿಡಿದವನನ್ನು ನೋಡಲು ಮಿಸ್ತ್ರಿ ಬಂದು ಕುಳಿತಾಗ, "ಏನೋ ಮಿಸ್ತ್ರಿ, ನನಗೂ ಒಂದು ಡೀಸೆಲ್ ಹಾಕಿಬಿಡು, ಮೈ ಅದ ಇರ್ತದ" ಎಂದ. ಮಿಸ್ತ್ರಿ ನಗಲಿಲ್ಲ, ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಅತ್ತ. ಮಳೆ ಬೀಳುವ ಮೊದಲು ಅಪ್ಪ ತೀರಿಕೊಂಡ.

ಗಾಡಿ ಹೊಡೆಯುವ ಮನಸ್ಸು ಅಣ್ಣನಿಗೂ ಉಳಿಯಲಿಲ್ಲ. ಹಳೆಯ ಕಾರುಗಳನ್ನು ಕೂಡಿಸುವ ಹುಚ್ಚಿನವರೊಬ್ಬರು ಪುಣೆಯ ಕಡೆಯಿಂದ ಸುದ್ದಿ ಕೇಳಿ ಬಂದರು. ಗಾಡಿಯ ಸುತ್ತ ಆಸೆಯಿಂದ ತಿರುಗಿ, ಬಾನೆಟ್ಟು ಎತ್ತಿ ನೋಡಿ, ಮೆಲ್ಲಗೆ ಮುಚ್ಚಿದರು. ಮೂಲ ಎಂಜಿನ್ನು ಎಲ್ಲಿ ಎಂದು ಕೇಳಿದರು. ಅದು ಮಿಸ್ತ್ರಿಯ ಶೆಡ್ಡಿನಿಂದ ಎಂದೋ ಮೋಡಕಾದವರ ಗುಜರಿಗೆ ಹೋಗಿತ್ತು. "ಚಲೋ ಗಾಡಿ ಕೆಡಿಸಿಬಿಟ್ರಿ" ಎಂದರು. ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಕೆಡಿಸಿದ್ದಕ್ಕ ಉಂಡೇವ್ರಿ" ಎಂದು ಒಳಗೆ ಹೋದ. ಅಂದು ಮೊದಲ ಸಲ ನನಗೆ ಅಣ್ಣನ ಮೇಲಿದ್ದ ಸಿಟ್ಟು ಹೋಯಿತು. ಕೊನೆಗೆ ಗಾಡಿಯನ್ನು ಬಿಚ್ಚಿ ಬಿಚ್ಚಿ ಯಾರ್‍ಯಾರಿಗೋ ಕೊಟ್ಟೆವು.

ಶ್ರಾವಣ ಮುಗಿದ ಮೇಲೆ ನಾನು ಬಸ್ಸು ಹತ್ತಿ ಅತ್ತೆಯ ಹತ್ತಿರ ಹೋದೆ, ಒಂದೆರಡು ದಿನ ಇರಲೆಂದು. ಅಪ್ಪ ಹೋದ ಸುದ್ದಿ ಅವಳಿಗೆ ಗೊತ್ತು; ದಿನಕರ್ಮಕ್ಕೆ ಬಂದು ನಮ್ಮ ಮನೆಯಲ್ಲೇ ಇದ್ದು ಹೋಗಿದ್ದಳು. ಬೆಳಿಗ್ಗೆ ಇಬ್ಬರೂ ಕಟ್ಟೆಯ ಮೇಲೆ ಕುಳಿತಿದ್ದೆವು. ಅವಳು ಬತ್ತಿ ಹೊಸೆಯುತ್ತಿದ್ದಳು, ನಾನು ಅರಳೆ ಬಿಡಿಸಿ ಕೊಡುತ್ತಿದ್ದೆ. ತಿರುವಿನ ಆಚೆಯ ಬಾವಿಯಲ್ಲಿ ಯಾರೋ ಪಂಪು ಚಾಲೂ ಮಾಡಿದರು. ಬಾವಿಯಲ್ಲಿ ನೀರು ಇಳಿದಿತ್ತೇನೋ, ಪಂಪು ಗಾಳಿ ಹಿಡಿಯಿತು. ಸಪ್ಪಳ ಒಂದು ಗಳಿಗೆ ಹಗುರಾಗಿ ಓಡಿತು. ಮತ್ತೆ ನೀರು ಸಿಕ್ಕು ಭಾರ ಹಿಡಿಯಿತು.

ಅತ್ತೆ ಎದ್ದಳು. ಗೋಡೆ ಹಿಡಿದು ಒಳಗೆ ಹೋದಳು. ಚಹದ ಪಾತ್ರೆಗೆ ನೀರು ಸುರಿದ ಸಪ್ಪಳ ನನಗೆ ಕೇಳಿಸಿತು.

ನಾನು ಹಿಂದೆಯೇ ಹೋದೆ. "ಅತ್ತೀ, ಅದು ಪಂಪ ಅದ" ಎಂದೆ.

"ಗೊತ್ತದವಾ" ಎಂದಳು, ಒಲೆಗೆ ಕಡ್ಡಿ ಗೀರುತ್ತ. "ಅಂವಾ ಹೋಗ್ಯಾನ ಅಂತ ನನಗ ಗೊತ್ತಿಲ್ಲೇನು? ಕೈ ಕೇಳೂದಿಲ್ಲ. ದಿನಾ ಹಿಂಗ ಆಗ್ತದ."

ಆ ಹಳೆಯ ಎಂಟು ಸಿಲಿಂಡರು ಗಾಡಿಯಲ್ಲೇ ಇದ್ದಿದ್ದರೆ ಅದು ಅಪ್ಪನ ಜೊತೆಗೇ ಸುಮ್ಮನಾಗಿಬಿಡುತ್ತಿತ್ತು. ಅಂಥ ದನಿ ಇನ್ನೊಂದು ಇರಲಿಲ್ಲ. ಅತ್ತೆ ಒಮ್ಮೆ ಅತ್ತು ಮುಗಿಸುತ್ತಿದ್ದಳು. ಅವಳು ಕಷ್ಟಪಟ್ಟು ಕಲಿತ ಈ ದನಿ ಮಾತ್ರ ಹೊಲಹೊಲದಲ್ಲೂ ಇತ್ತು. ನನಗೆ ಆ ಪಂಪಿನವನನ್ನು, ಅಣೆಕಟ್ಟು ಕಟ್ಟಿದವರನ್ನು, ಯಾರನ್ನು ಬಯ್ಯಬೇಕೋ ತಿಳಿಯಲಿಲ್ಲ.

ಅತ್ತೆ ಚಹ ಸೋಸಿದಳು. ಒಂದು ಹನಿಯೂ ಚೆಲ್ಲಲಿಲ್ಲ. ಲೋಟವನ್ನು ಹೊಸ್ತಿಲ ಮೇಲಿಟ್ಟು, ಕಿವಿಯನ್ನು ಹೊರಗಿನ ಸಪ್ಪಳಕ್ಕೆ ಕೊಟ್ಟು ಸ್ವಲ್ಪ ಹೊತ್ತು ಕುಳಿತಳು.

"ನಿಮ್ಮಪ್ಪ ಸಾಯೂತನಕಾ ಕೊರಗಿದ, ಕಳೆ ಇಳೀಲಿಲ್ಲ ಇಳೀಲಿಲ್ಲ ಅಂತ" ಎಂದಳು. "ಇಳದದ ನೋಡು. ಊರ ತುಂಬ ಇಳದದ. ನೀ ಕುಡದಬಿಡವಾ, ಆರ್ತದ."

ನಾನು ಹೊಸ್ತಿಲ ಮೇಲೆ ಕುಳಿತು ಕುಡಿದೆ. ಹದ ಸರಿಯಾಗಿತ್ತು.